ವಿವರಣೆ: ಕೆಲಸ ಸಿಗದಿದ್ದರೆ ಶಿಕ್ಷಣ ಸಾಲವನ್ನು ಕಾಲೇಜೇ ಕಟ್ಟಬೇಕೇ?

ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಶಿಕ್ಷಣ ಸಾಲದ ಫಾರ್ವರ್ಡ್‌ಗಳೂ ಓಡಾಡತೊಡಗುತ್ತವೆ. ಅವು ಹೆಚ್ಚಾಗಿ ಮೂರು ಬಗೆಯವು. "ಓದು ಮುಗಿದ ಮೇಲೆ ಕೆಲಸ ಸಿಗದಿದ್ದರೆ ಸಾಲ ಕಟ್ಟಬೇಕಾಗಿಲ್ಲ, ಕಾಲೇಜೇ ಕಟ್ಟಬೇಕು" ಎನ್ನುವುದು ಒಂದು. "ಶಿಕ್ಷಣ ಸಾಲ ಪೂರ್ತಿ ಮನ್ನಾ, ಕೆಳಗಿನ ಲಿಂಕ್ ಒತ್ತಿ" ಎನ್ನುವುದು ಇನ್ನೊಂದು. "ಅಮೆರಿಕದಲ್ಲಿ ಕಾಲೇಜುಗಳೇ ವಿದ್ಯಾರ್ಥಿಗಳ ಸಾಲ ತೀರಿಸುತ್ತವೆ, ನಮ್ಮಲ್ಲಿ ಯಾಕಿಲ್ಲ?" ಎನ್ನುವುದು ಮೂರನೆಯದು.

ಮೊದಲ ಎರಡು ಸುಳ್ಳು. ಮೂರನೆಯದು ಅರ್ಧ ಮಾತ್ರ ನಿಜ. ಆದರೆ ಮೂರರ ಹಿಂದೆಯೂ ಒಂದು ನ್ಯಾಯವಾದ ಪ್ರಶ್ನೆ ಇದೆ. ಶುಲ್ಕ ಪಡೆದವರು ಕಾಲೇಜಿನವರು, ಸಾಲದ ಪತ್ರಕ್ಕೆ ಸಹಿ ಹಾಕಿದವರು ಮಕ್ಕಳು ಮತ್ತು ಅವರ ಅಪ್ಪ-ಅಮ್ಮ. ಓದು ಕೈ ಹಿಡಿಯದೆ ಹೋದರೆ ನಷ್ಟ ಒಬ್ಬರ ಮೇಲೇ ಬೀಳಬೇಕೇ? ಈ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಹಂತ ಹಂತವಾಗಿ ನೋಡೋಣ.

ಸಂಕ್ಷಿಪ್ತವಾಗಿ

• ಭಾರತದಲ್ಲಿ ಈಗ ಶಿಕ್ಷಣ ಸಾಲ ತೀರಿಸುವ ಹೊಣೆ ವಿದ್ಯಾರ್ಥಿ ಮತ್ತು ಪೋಷಕರದ್ದು. ಕಾಲೇಜಿಗೆ ಸಾಲದ ಒಪ್ಪಂದದಲ್ಲಿ ಯಾವ ಪಾತ್ರವೂ ಇಲ್ಲ.
• ಅಮೆರಿಕದಲ್ಲಿ ಕಾಲೇಜುಗಳು ಸಾಲ ಕಟ್ಟುವುದಿಲ್ಲ. ಫಲಿತಾಂಶ ತೀರಾ ಕಳಪೆಯಾದರೆ ಸರ್ಕಾರಿ ಸಾಲ ಪಡೆದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅವಕಾಶ ಕಳೆದುಕೊಳ್ಳುತ್ತವೆ.
• ಚಿಲಿ ದೇಶದಲ್ಲಿ ಮಾತ್ರ, ವಿದ್ಯಾರ್ಥಿ ಮಧ್ಯದಲ್ಲಿ ಓದು ಬಿಟ್ಟರೆ ಕಾಲೇಜೇ ಜಾಮೀನುದಾರ ಎಂಬ ನಿಯಮ ಬಂದಿದೆ.
• ಕಾಲೇಜಿಗೆ ಹೊಣೆ ಹೊರಿಸುವುದು ಸರಿ. ಆದರೆ ಅದರ ಕೈಯಲ್ಲಿರುವ ವಿಷಯಗಳಿಗೆ ಮಾತ್ರ. ಎಲ್ಲ ಬಾಕಿ ಸಾಲಕ್ಕೂ ಹೊರಿಸಿದರೆ ಮೊದಲು ಪೆಟ್ಟು ಬೀಳುವುದು ಬಡ ವಿದ್ಯಾರ್ಥಿಗೇ.

ಈಗಿನ ನಿಯಮ ಏನು ಹೇಳುತ್ತದೆ?

ನಮ್ಮ ಬ್ಯಾಂಕುಗಳು ಶಿಕ್ಷಣ ಸಾಲ ಕೊಡುವುದು ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯ ಆಧಾರದ ಮೇಲೆ. ಈ ಯೋಜನೆ 2001ರಲ್ಲಿ ಬಂತು, ನಂತರ ಹಲವು ಬಾರಿ ತಿದ್ದುಪಡಿಯಾಯಿತು. ಇದರ ಪ್ರಕಾರ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಬೇಡ, ಆದರೆ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಮನೆ, ನಿವೇಶನ, ಠೇವಣಿಯಂಥ ಆಸ್ತಿಯ ಭದ್ರತೆ ಕೇಳುತ್ತಾರೆ. ಓದುವ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆಮೇಲೆ 15 ವರ್ಷದವರೆಗೆ ಕಂತುಗಳಲ್ಲಿ ತೀರಿಸಬಹುದು.

ಇಲ್ಲಿ ಕಾಲೇಜು ಎಲ್ಲಿ ಬರುತ್ತದೆ? ಎರಡು ಕಡೆ. ಪ್ರವೇಶ ಪತ್ರ ಮತ್ತು ಶುಲ್ಕದ ವಿವರವನ್ನು ಅದು ಬರೆದುಕೊಡುತ್ತದೆ. ಆಮೇಲೆ ಬ್ಯಾಂಕು ಶುಲ್ಕದ ಹಣವನ್ನು ನೇರವಾಗಿ ಅದರ ಖಾತೆಗೆ ಹಾಕುತ್ತದೆ. ಅಲ್ಲಿಗೆ ಕಾಲೇಜಿನ ಪಾತ್ರ ಮುಗಿಯಿತು. ಸಾಲ ಬ್ಯಾಂಕು ಮತ್ತು ನಿಮ್ಮ ಕುಟುಂಬದ ನಡುವಿನ ಒಪ್ಪಂದ.

ಕಂತು 90 ದಿನ ಮೀರಿ ಬಾಕಿ ಉಳಿದರೆ ಬ್ಯಾಂಕು ಅದನ್ನು ವಸೂಲಾಗದ ಸಾಲದ ಪಟ್ಟಿಗೆ ಸೇರಿಸುತ್ತದೆ. ಸಿಬಿಲ್ ಅಂಕ ಕುಸಿಯುತ್ತದೆ. ಕುಸಿಯುವುದು ಮಗ ಅಥವಾ ಮಗಳದ್ದು ಮಾತ್ರವಲ್ಲ, ಸಹ-ಸಾಲಗಾರರಾದ ಪೋಷಕರದ್ದೂ. ಆಮೇಲೆ ಅಪ್ಪನಿಗೆ ಟ್ರ್ಯಾಕ್ಟರ್ ಸಾಲ ಬೇಕಾದರೂ, ಅಮ್ಮನಿಗೆ ಮನೆ ಸಾಲ ಬೇಕಾದರೂ ಈ ಬಾಕಿ ಅಡ್ಡ ಬರುತ್ತದೆ. ಆಸ್ತಿ ಅಡಮಾನವಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅದನ್ನು ಹರಾಜಿಗೆ ಇಡಬಹುದು. ಕೃಷಿ ಜಮೀನಿಗೆ ಮಾತ್ರ ಆ ಕಾಯ್ದೆಯಿಂದ ವಿನಾಯಿತಿ ಇದೆ.

ಸರ್ಕಾರವೂ ಸ್ವಲ್ಪ ಹೊಣೆ ಹೊರುತ್ತದೆ. 2015ರಲ್ಲಿ ಬಂದ ಸಾಲ ಖಾತರಿ ನಿಧಿಯ ಪ್ರಕಾರ, ಅಡಮಾನವಿಲ್ಲದೆ ಕೊಟ್ಟ 7.5 ಲಕ್ಷದವರೆಗಿನ ಸಾಲ ಬಾಕಿಯಾದರೆ ಶೇ. 75ರಷ್ಟು ನಷ್ಟವನ್ನು ಆ ನಿಧಿ ಬ್ಯಾಂಕಿಗೆ ತುಂಬಿಕೊಡುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲೂ ಇದೇ ಖಾತರಿ ಇದೆ. ಆರಂಭದಲ್ಲಿ 860 ಸಂಸ್ಥೆಗಳ ಪಟ್ಟಿಯೊಂದಿಗೆ ಬಂದ ಈ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವಿಲ್ಲದೆ, ಮೂರನೆಯವರ ಜಾಮೀನಿಲ್ಲದೆ ಸಾಲ ಸಿಗುತ್ತದೆ. ವಾರ್ಷಿಕ 8 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿಯೂ ಉಂಟು.

ಇಲ್ಲಿ ಒಂದು ಮಾತು ನೆನಪಿಡಿ. ಸರ್ಕಾರದ ಖಾತರಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ನಿಧಿಯಿಂದ ಬ್ಯಾಂಕಿಗೆ ಹಣ ಬಂದರೂ ನಿಮ್ಮ ಹೆಸರಿನ ಸಾಲ ಅಳಿಸಿಹೋಗುವುದಿಲ್ಲ, ವಸೂಲಿ ಮುಂದುವರಿಯುತ್ತದೆ. "ಸರ್ಕಾರ ಗ್ಯಾರಂಟಿ ಕೊಟ್ಟಿದೆ, ಕಟ್ಟಬೇಡಿ" ಎನ್ನುವ ಫಾರ್ವರ್ಡ್‌ಗಳು ಹುಟ್ಟುವುದು ಈ ವ್ಯತ್ಯಾಸ ಗೊತ್ತಿಲ್ಲದೆ.

ಹಾಗಾದರೆ ಮನ್ನಾ ಎಂದೂ ಆಗಿಲ್ಲವೇ?

2014ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಒಂದು ಪರಿಹಾರ ಘೋಷಿಸಿದ್ದರು. 2009ರ ಮಾರ್ಚ್ 31ರೊಳಗೆ ಪಡೆದ ಶಿಕ್ಷಣ ಸಾಲಗಳ ಮೇಲೆ 2013ರ ಡಿಸೆಂಬರ್ 31ಕ್ಕೆ ಬಾಕಿ ಇದ್ದ ಬಡ್ಡಿಯನ್ನು ಸರ್ಕಾರ ಭರಿಸುವುದಾಗಿ ಹೇಳಿತು. ಸುಮಾರು 9 ಲಕ್ಷ ಸಾಲಗಾರರಿಗೆ 2,600 ಕೋಟಿ ರೂಪಾಯಿಯ ಅನುಕೂಲ ಎಂಬ ಅಂದಾಜಿತ್ತು. ಗಮನಿಸಿ, ಅದು ಬಡ್ಡಿ ಮಾತ್ರ. ಅಸಲನ್ನು ವಿದ್ಯಾರ್ಥಿಗಳೇ ಕಟ್ಟಬೇಕಿತ್ತು. ದೇಶದ ಎಲ್ಲರ ಶಿಕ್ಷಣ ಸಾಲದ ಅಸಲನ್ನೂ ಮನ್ನಾ ಮಾಡಿದ ಆದೇಶ ಇಲ್ಲ.

ಅಮೆರಿಕದ ಸುದ್ದಿಯೂ ಹೀಗೇ ತಿರುಚಿ ಬರುತ್ತದೆ. ಅಧ್ಯಕ್ಷ ಬೈಡನ್ ಘೋಷಿಸಿದ ದೊಡ್ಡ ಪ್ರಮಾಣದ ಸಾಲ ಮನ್ನಾವನ್ನು 2023ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಲ್ಲಿ ಓದಲು ಹೋಗಿರುವ ನಮ್ಮ ಮಕ್ಕಳಿಗೆ ಆ ಮನ್ನಾ ಉಳಿದಿದ್ದರೂ ಪ್ರಯೋಜನ ಇರುತ್ತಿರಲಿಲ್ಲ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಅಮೆರಿಕ ಸರ್ಕಾರದ ಶಿಕ್ಷಣ ಸಾಲವೇ ಸಿಗುವುದಿಲ್ಲ. ಹೆಚ್ಚಿನವರ ಸಾಲ ಇರುವುದು ಇಲ್ಲಿನ ಬ್ಯಾಂಕಿನಲ್ಲೋ ಖಾಸಗಿ ಹಣಕಾಸು ಸಂಸ್ಥೆಯಲ್ಲೋ.

ಸಾಲದ ಭಾರ ಎಷ್ಟು? ಒಂದು ಸರಳ ಲೆಕ್ಕ

ನಾಲ್ಕು ವರ್ಷದ ಎಂಜಿನಿಯರಿಂಗ್ ಕೋರ್ಸಿಗೆ ವರ್ಷಕ್ಕೆ 1.8 ಲಕ್ಷದಂತೆ ಒಟ್ಟು 7.2 ಲಕ್ಷ ಸಾಲ ಪಡೆದಿದ್ದೀರಿ ಎಂದುಕೊಳ್ಳಿ. ಬಡ್ಡಿ ಶೇ. 10. ಓದುವ ನಾಲ್ಕು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಇಲ್ಲ, ಆದರೆ ಸರಳ ಬಡ್ಡಿ ಸೇರುತ್ತಲೇ ಇರುತ್ತದೆ.

• ಮೊದಲ ವರ್ಷದ 1.8 ಲಕ್ಷಕ್ಕೆ ಐದು ವರ್ಷದ ಬಡ್ಡಿ 90,000 ರೂಪಾಯಿ.
• ಎರಡನೆಯ ವರ್ಷದ್ದಕ್ಕೆ 72,000, ಮೂರನೆಯದಕ್ಕೆ 54,000, ನಾಲ್ಕನೆಯದಕ್ಕೆ 36,000.
• ಒಟ್ಟು ಬಡ್ಡಿ 2.52 ಲಕ್ಷ. ಕಂತು ಶುರುವಾಗುವ ದಿನ ಸಾಲ 9.72 ಲಕ್ಷ.
• ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 12,845 ರೂಪಾಯಿ. ಕೊನೆಗೆ ಕಟ್ಟಿದ ಒಟ್ಟು ಮೊತ್ತ ಸುಮಾರು 15.4 ಲಕ್ಷ.

ತಿಂಗಳಿಗೆ 50,000 ಸಂಬಳ ಬರುವ ಕೆಲಸ ಸಿಕ್ಕರೆ ಇದು ದೊಡ್ಡ ಕಷ್ಟವಲ್ಲ. 20,000 ಸಂಬಳದ ಕೆಲಸ ಸಿಕ್ಕರೆ? ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟ ಮೇಲೆ ಕಂತಿಗೆ ಹಣ ಉಳಿಯುವುದಿಲ್ಲ. ಇನ್ನು ಎರಡನೆಯ ವರ್ಷದ ಕೊನೆಗೆ ಓದು ಬಿಟ್ಟವರ ಸ್ಥಿತಿ ನೋಡಿ. ಅವರ ಕೈಯಲ್ಲಿ ಪದವಿ ಇಲ್ಲ, ತಲೆಯ ಮೇಲೆ 3.6 ಲಕ್ಷ ಅಸಲು ಮತ್ತು ಅದರ ಬಡ್ಡಿ ಇದೆ. ಕಾಲೇಜಿಗೆ ಎರಡೂ ವರ್ಷದ ಶುಲ್ಕ ಪೂರ್ತಿ ಬಂದಾಗಿದೆ.

ಈ ಕಷ್ಟ ಕಾಲ್ಪನಿಕವಲ್ಲ. 2022ರ ಜೂನ್ ಕೊನೆಗೆ ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸುಮಾರು ಶೇ. 7.8ರಷ್ಟು ವಸೂಲಾಗದ ಸ್ಥಿತಿಯಲ್ಲಿತ್ತು. ನಂತರದ ವರ್ಷಗಳಲ್ಲಿ ಈ ಪ್ರಮಾಣ ಇಳಿದಿದೆ. ಆದರೂ ಬಾಕಿದಾರರ ಪಟ್ಟಿಯಲ್ಲಿ ಇರುವ ಪ್ರತಿ ಹೆಸರಿನ ಹಿಂದೆ ಒಂದು ಕುಟುಂಬವಿದೆ.

ಕಾಲೇಜಿಗೂ ಪಾಲಿರಲಿ ಎನ್ನುವವರ ವಾದ ಏನು?

ಮೊದಲನೆಯದು ಮಾಹಿತಿಯ ವಾದ. ಸೇರಿದ ನೂರು ಮಂದಿಯಲ್ಲಿ ಎಷ್ಟು ಜನ ಪದವಿ ಮುಗಿಸುತ್ತಾರೆ, ಎಷ್ಟು ಜನರಿಗೆ ಕೆಲಸ ಸಿಗುತ್ತದೆ, ನಿಜವಾದ ಸಂಬಳ ಎಷ್ಟು – ಇವೆಲ್ಲ ಕಾಲೇಜಿಗೆ ಗೊತ್ತು. ಹದಿನೆಂಟು ವರ್ಷದ ಹುಡುಗನಿಗೋ ಹಳ್ಳಿಯಲ್ಲಿರುವ ಅವನ ತಂದೆಗೋ ಗೊತ್ತಿರುವುದಿಲ್ಲ. ಎಲ್ಲ ಗೊತ್ತಿರುವವರಿಗೆ ನಷ್ಟವೇ ಇಲ್ಲ, ಏನೂ ಗೊತ್ತಿಲ್ಲದವರಿಗೆ ಪೂರ್ತಿ ನಷ್ಟ ಎನ್ನುವ ವ್ಯವಸ್ಥೆ ನ್ಯಾಯವಲ್ಲ ಎನ್ನುವುದು ಈ ವಾದ.

ಎರಡನೆಯದು ಶುಲ್ಕದ ವಾದ. ಸಾಲ ಸುಲಭವಾಗಿ ಸಿಕ್ಕಷ್ಟೂ ಕಾಲೇಜುಗಳು ಶುಲ್ಕ ಏರಿಸುತ್ತವೆ ಎಂದು ಅಮೆರಿಕದ ಶಿಕ್ಷಣ ಕಾರ್ಯದರ್ಶಿಯಾಗಿದ್ದ ವಿಲಿಯಂ ಬೆನೆಟ್ 1987ರಲ್ಲಿ ವಾದಿಸಿದ್ದರು. ಎಲ್ಲ ಕಾಲೇಜುಗಳ ವಿಷಯದಲ್ಲೂ ಇದು ನಿಜವೇ ಎಂಬುದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಆದರೆ ಲಾಭಕ್ಕಾಗಿ ನಡೆಯುವ ಕಾಲೇಜುಗಳ ವಿಷಯದಲ್ಲಿ ಸಾಕ್ಷ್ಯ ಬಲವಾಗಿದೆ. ಸ್ಟೆಫನಿ ಸೆಲಿನಿ ಮತ್ತು ಮುಂದೆ 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರ್ಕಾರಿ ನೆರವು ಮತ್ತು ಸಾಲ ಸಿಗುವ ಇಂಥ ಕಾಲೇಜುಗಳ ಶುಲ್ಕ, ಅವು ಸಿಗದ ಅದೇ ಬಗೆಯ ಕಾಲೇಜುಗಳಿಗಿಂತ ಮುಕ್ಕಾಲು ಪಾಲಿನಷ್ಟು ಹೆಚ್ಚಿತ್ತು.

ಮೂರನೆಯದು ಪ್ರಯತ್ನದ ವಾದ. ವಿದ್ಯಾರ್ಥಿ ಸೋತರೆ ತನಗೂ ನಷ್ಟ ಎಂದಾದರೆ ಕಾಲೇಜು ಹಿಂದುಳಿದವರಿಗೆ ಹೆಚ್ಚುವರಿ ಪಾಠ ಮಾಡೀತು, ಬೇಡಿಕೆ ಇಲ್ಲದ ಕೋರ್ಸಿಗೆ ಸೀಟು ತುಂಬುವುದನ್ನು ನಿಲ್ಲಿಸೀತು. ಶುಲ್ಕ ಬಂದ ದಿನವೇ ಲೆಕ್ಕ ಮುಗಿಯಿತು ಎಂದಾದರೆ ಹಾಗೆ ಮಾಡುವ ಒತ್ತಡವೇ ಇರುವುದಿಲ್ಲ.

ಅಮೆರಿಕದಲ್ಲಿ ನಿಜವಾಗಿ ಏನಿದೆ?

ಅಮೆರಿಕದಲ್ಲಿ ಸುಮಾರು 4.3 ಕೋಟಿ ಜನರ ಮೇಲೆ ಕೇಂದ್ರ ಸರ್ಕಾರದ ಶಿಕ್ಷಣ ಸಾಲವಿದೆ, ಮೊತ್ತ ಸುಮಾರು 1.6 ಲಕ್ಷ ಕೋಟಿ ಡಾಲರ್. ಅಲ್ಲಿ ದಶಕಗಳಿಂದ ಒಂದು ನಿಯಮವಿದೆ. ಕಾಲೇಜು ಬಿಟ್ಟು ಕಂತು ಶುರುವಾದವರಲ್ಲಿ ಮೂರು ವರ್ಷದೊಳಗೆ ಸುಸ್ತಿದಾರರಾದವರ ಪ್ರಮಾಣ ಸತತ ಮೂರು ಬಾರಿ ಶೇ. 30 ಅಥವಾ ಹೆಚ್ಚಾದರೆ, ಇಲ್ಲವೇ ಒಂದೇ ಬಾರಿ ಶೇ. 40 ದಾಟಿದರೆ, ಆ ಕಾಲೇಜಿನ ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲ ನಿಲ್ಲುತ್ತದೆ. ಅಂದರೆ ಕಾಲೇಜು ಸಾಲ ಕಟ್ಟುವುದಿಲ್ಲ, ತನ್ನ ಆದಾಯದ ದಾರಿ ಕಳೆದುಕೊಳ್ಳುತ್ತದೆ.

ಈ ನಿಯಮವನ್ನು ಕಾಲೇಜುಗಳು ಹೇಗೆ ನಿಭಾಯಿಸಿದವು? ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. ಕೆಲವು ಕಾಲೇಜುಗಳು ಸಲಹಾ ಸಂಸ್ಥೆಗಳನ್ನು ನೇಮಿಸಿಕೊಂಡು, ಹಳೆ ವಿದ್ಯಾರ್ಥಿಗಳನ್ನು ಕಂತು ಮುಂದೂಡುವಂತೆ ಪುಸಲಾಯಿಸಿದವು ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2018ರ ವರದಿಯಲ್ಲಿ ಹೇಳಿತು. ಮೂರು ವರ್ಷ ದಾಟುವವರೆಗೆ ಯಾರೂ ಸುಸ್ತಿದಾರರಾಗಲಿಲ್ಲ. ಕಾಲೇಜು ಪಾಸಾಯಿತು. ಅಷ್ಟರಲ್ಲಿ ಬಡ್ಡಿ ಬೆಳೆದು ವಿದ್ಯಾರ್ಥಿಯ ಸಾಲ ಹೆಚ್ಚಾಯಿತು.

2025ರಲ್ಲಿ ಚರ್ಚೆ ಮತ್ತೆ ಬಂತು. ಬಾಕಿ ಉಳಿದ ಸಾಲದ ಒಂದು ಭಾಗವನ್ನು ಕಾಲೇಜುಗಳೇ ಸರ್ಕಾರಕ್ಕೆ ಕಟ್ಟಬೇಕು ಎಂಬ ಪ್ರಸ್ತಾವ ಅಲ್ಲಿನ ಕೆಳಮನೆ ಒಪ್ಪಿದ ಮಸೂದೆಯಲ್ಲಿತ್ತು. "ಕಾಲೇಜುಗಳೇ ಸಾಲ ತೀರಿಸುತ್ತವೆ" ಎಂಬ ಫಾರ್ವರ್ಡ್‌ಗೆ ಆಧಾರ ಇದ್ದರೆ ಇದೇ ಇರಬೇಕು. ಆದರೆ ಮೇಲ್ಮನೆಯಲ್ಲಿ ಆ ಅಂಶ ಬಿಟ್ಟುಹೋಯಿತು. ಜುಲೈ 4ರಂದು ಅಧ್ಯಕ್ಷರ ಸಹಿ ಬಿದ್ದ ಕಾಯ್ದೆಯಲ್ಲಿ ಉಳಿದದ್ದು ಗಳಿಕೆಯ ಪರೀಕ್ಷೆ. ಒಂದು ಪದವಿ ಕೋರ್ಸು ಮುಗಿಸಿದವರ ಗಳಿಕೆ, ಬರೀ ಹೈಸ್ಕೂಲು ಓದಿದವರ ಗಳಿಕೆಗಿಂತ ಕಡಿಮೆ ಎಂದು ಮೂರು ವರ್ಷಗಳಲ್ಲಿ ಎರಡು ವರ್ಷ ಕಂಡುಬಂದರೆ ಆ ಕೋರ್ಸಿಗೆ ಸರ್ಕಾರಿ ಸಾಲ ನಿಲ್ಲುತ್ತದೆ.

ಅಮೆರಿಕದಿಂದ ಇನ್ನೊಂದು ಪಾಠವೂ ಇದೆ. ಕೊರಿಂಥಿಯನ್ ಕಾಲೇಜಸ್ ಎಂಬ ದೊಡ್ಡ ಖಾಸಗಿ ಸಂಸ್ಥೆ, ಉದ್ಯೋಗದ ಅಂಕಿಅಂಶಗಳನ್ನು ಉಬ್ಬಿಸಿ ಹೇಳಿದ ಆರೋಪಗಳ ನಡುವೆ 2015ರಲ್ಲಿ ಬಾಗಿಲು ಮುಚ್ಚಿತು. ಅದರಲ್ಲಿ ಓದಿದ ಸುಮಾರು 5.6 ಲಕ್ಷ ಜನರ 580 ಕೋಟಿ ಡಾಲರ್ ಸಾಲವನ್ನು ಸರ್ಕಾರ 2022ರಲ್ಲಿ ರದ್ದುಪಡಿಸಿತು. ನ್ಯಾಯ ಸಿಕ್ಕಿತು ನಿಜ, ಆದರೆ ಏಳು ವರ್ಷ ತಡವಾಗಿ. ಸಂಸ್ಥೆ ಅಷ್ಟರಲ್ಲಿ ದಿವಾಳಿಯಾಗಿದ್ದರಿಂದ ಆ ಹಣದ ಭಾರ ಬಿದ್ದದ್ದು ತೆರಿಗೆದಾರರ ಮೇಲೆ.

ಚಿಲಿಯ ಪ್ರಯೋಗ

ದಕ್ಷಿಣ ಅಮೆರಿಕದ ಚಿಲಿ 2005ರ ಕಾನೂನಿನ ಮೂಲಕ ಬೇರೆ ದಾರಿ ಹಿಡಿಯಿತು. ಅಲ್ಲಿ ಸಾಲ ಕೊಡುವುದು ಬ್ಯಾಂಕು. ವಿದ್ಯಾರ್ಥಿ ಮಧ್ಯದಲ್ಲಿ ಓದು ಬಿಟ್ಟು ಸಾಲ ಕಟ್ಟದಿದ್ದರೆ ಕಾಲೇಜು ಜಾಮೀನುದಾರ. ಮೊದಲ ವರ್ಷದಲ್ಲಿ ಬಿಟ್ಟರೆ ಸಾಲದ ಶೇ. 90, ಎರಡನೆಯ ವರ್ಷ ಶೇ. 70, ಮೂರನೆಯ ವರ್ಷದಿಂದ ಶೇ. 60ಕ್ಕೆ ಅದರ ಜಾಮೀನು. ಪದವಿ ಮುಗಿದ ಮೇಲೆ ಜಾಮೀನು ಸರ್ಕಾರದ್ದು.

ಇದರ ಹಿಂದಿನ ಯೋಚನೆ ಗಮನಿಸುವಂಥದ್ದು. ಓದಿಸಿ ಪದವಿ ಮುಗಿಸುವುದು ಕಾಲೇಜಿನ ಕೆಲಸ, ಅಲ್ಲಿಯವರೆಗೆ ಅದರ ಹೊಣೆ. ಆಮೇಲೆ ಕೆಲಸ ಸಿಗುವುದು ದೇಶದ ಆರ್ಥಿಕ ಸ್ಥಿತಿಗೆ ಸೇರಿದ್ದು, ಅದರ ಹೊಣೆ ಸರ್ಕಾರದ್ದು. ಅಮೆರಿಕದಲ್ಲೂ ಸುಸ್ತಿದಾರರಾಗುವುದು ಹೆಚ್ಚಾಗಿ ದೊಡ್ಡ ಸಾಲದ ಡಾಕ್ಟರು, ವಕೀಲರಲ್ಲ. ಸಣ್ಣ ಸಾಲ ಮಾಡಿ ಪದವಿ ಮುಗಿಸಲಾಗದೆ ಹೊರಬಂದವರು. ಹಾಗಾಗಿ ಓದು ಬಿಡುವುದಕ್ಕೂ ಹೊಣೆಗೂ ಗಂಟು ಹಾಕಿದ್ದು ತರ್ಕಬದ್ಧ.

ಆದರೂ ಚಿಲಿಯ ಕಥೆ ಸುಖಾಂತವಲ್ಲ. ಜಾಮೀನಿನಿಂದ ಬ್ಯಾಂಕುಗಳಿಗೆ ಧೈರ್ಯ ಬಂತು, ವಿದ್ಯಾರ್ಥಿಗಳ ಭಾರ ಇಳಿಯಲಿಲ್ಲ. ಶುಲ್ಕ, ಬಡ್ಡಿ ಎರಡರ ವಿರುದ್ಧವೂ 2011ರಲ್ಲಿ ವಿದ್ಯಾರ್ಥಿಗಳು ಭಾರಿ ಸಂಖ್ಯೆಯಲ್ಲಿ ಬೀದಿಗಿಳಿದರು. 2012ರಲ್ಲಿ ಬಡ್ಡಿಯನ್ನು ಸುಮಾರು ಶೇ. 6ರಿಂದ ಶೇ. 2ಕ್ಕೆ ಇಳಿಸಬೇಕಾಯಿತು. 2016ರಿಂದ ಬಡ ಕುಟುಂಬಗಳ ಮಕ್ಕಳಿಗೆ ಉಚಿತ ಕಾಲೇಜು ಶಿಕ್ಷಣ ಶುರುವಾಯಿತು. ಹೊಣೆ ಹಂಚಿದ ಮಾತ್ರಕ್ಕೆ ಶುಲ್ಕ ಕಡಿಮೆಯಾಗುವುದಿಲ್ಲ ಎನ್ನುವುದು ಚಿಲಿ ಕಲಿಸಿದ ಪಾಠ.

ಎಲ್ಲ ಹೊಣೆ ಕಾಲೇಜಿಗೆ ಹೊರಿಸಿದರೆ ಏನಾಗಬಹುದು?

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. "ಕಾಲೇಜೇ ಕಟ್ಟಲಿ" ಎಂದು ಫಾರ್ವರ್ಡ್ ಮಾಡುವುದು ಸುಲಭ, ಅದು ಯಾರಿಗೆ ತಿರುಗುಬಾಣವಾಗುತ್ತದೆ ಎಂಬುದನ್ನು ನಾವು ಯೋಚಿಸುವುದಿಲ್ಲ.

ನೀವೇ ಕಾಲೇಜು ನಡೆಸುತ್ತಿದ್ದೀರಿ ಎಂದುಕೊಳ್ಳಿ. ಯಾರು ಸಾಲ ಕಟ್ಟದಿದ್ದರೂ ನಿಮ್ಮ ಜೇಬಿಗೆ ಕತ್ತರಿ. ಆಗ ಎರಡು ಅರ್ಜಿ ಬರುತ್ತವೆ. ಒಂದು ಬೆಂಗಳೂರಿನ ಬ್ಯಾಂಕ್ ಅಧಿಕಾರಿಯ ಮಗಳದ್ದು. ಇನ್ನೊಂದು ಯಾದಗಿರಿಯ ಕೂಲಿ ಕುಟುಂಬದಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತುತ್ತಿರುವ ಹುಡುಗಿಯದ್ದು. ಇಬ್ಬರ ಅಂಕವೂ ಒಂದೇ. ನಷ್ಟದ ಭಯ ಇರುವ ಕಾಲೇಜು ಯಾರನ್ನು ಆರಿಸಿಕೊಳ್ಳುತ್ತದೆ? ಕಷ್ಟ ಬಂದರೆ ಕಂತು ಕಟ್ಟಿಕೊಡಲು ಅಪ್ಪನ ಸಂಬಳ ಇರುವವಳನ್ನು. ಸರ್ಕಾರಿ ಕೋಟಾದ ಸೀಟಿನಲ್ಲಿ ಆಯ್ಕೆ ಕಾಲೇಜಿನ ಕೈಯಲ್ಲಿ ಇರುವುದಿಲ್ಲ ನಿಜ. ಆಡಳಿತ ಮಂಡಳಿಯ ಸೀಟುಗಳಲ್ಲಿ ಇರುತ್ತದೆ.

ಬೇರೆ ಅಪಾಯಗಳೂ ಇವೆ.

• ಸಂಬಳ ಕಡಿಮೆ ಇರುವ ಕೋರ್ಸುಗಳು ಮುಚ್ಚಬಹುದು. ಬಿ.ಎ. ಕನ್ನಡ, ಸಮಾಜಕಾರ್ಯ, ನರ್ಸಿಂಗ್, ಶಿಕ್ಷಕರ ತರಬೇತಿ ಸಮಾಜಕ್ಕೆ ಬೇಕು, ಆದರೆ ಓದಿದವರಿಗೆ ಆರಂಭದಲ್ಲಿ ದೊಡ್ಡ ಸಂಬಳ ಸಿಗುವುದು ಅಪರೂಪ.
• ಮದುವೆ, ಹೆರಿಗೆಗಾಗಿ ಕೆಲಸ ಬಿಡುವ ಹೆಣ್ಣುಮಕ್ಕಳನ್ನು ನಷ್ಟದ ಲೆಕ್ಕದಲ್ಲಿ ನೋಡುವ ಕೆಟ್ಟ ಚಾಳಿ ಬೆಳೆಯಬಹುದು.
• 2008ರ ಆರ್ಥಿಕ ಕುಸಿತದಲ್ಲಿ, 2020ರ ಕೋವಿಡ್‌ನಲ್ಲಿ ಕೆಲಸ ಸಿಗದಿದ್ದಕ್ಕೆ ಯಾವ ಕಾಲೇಜನ್ನೂ ದೂರುವಂತಿಲ್ಲ.
• ಖಾಸಗಿ ಕಾಲೇಜು ಈ ಖರ್ಚನ್ನು ಶುಲ್ಕಕ್ಕೇ ಸೇರಿಸಬಹುದು. ಸರ್ಕಾರಿ ಕಾಲೇಜಾದರೆ ಕೊನೆಗೆ ಕಟ್ಟುವುದು ತೆರಿಗೆ ಹಣವೇ.

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವಂತೆ ಆಗಬಾರದು.

ನಮ್ಮಲ್ಲಿ ಕಾಲೇಜಿಗೆ ಹೊಣೆಯೇ ಇಲ್ಲವೇ?

ಸಾಲಕ್ಕೆ ಇಲ್ಲ. ಆದರೆ ಸುಳ್ಳು ಹೇಳಿದ್ದಕ್ಕೆ, ಶುಲ್ಕ ಹಿಡಿದಿಟ್ಟುಕೊಂಡಿದ್ದಕ್ಕೆ ಹೊಣೆ ಇದೆ.

2009ರಲ್ಲಿ ಸುಪ್ರೀಂ ಕೋರ್ಟ್ ಬಿಹಾರದ ಬುದ್ಧಿಸ್ಟ್ ಮಿಷನ್ ದಂತ ವೈದ್ಯಕೀಯ ಕಾಲೇಜಿನ ಪ್ರಕರಣದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ದಂತ ವೈದ್ಯಕೀಯ ಪರಿಷತ್ತಿನ ಮಾನ್ಯತೆ ಇಲ್ಲದಿದ್ದರೂ ಇದೆ ಎಂದು ಜಾಹೀರಾತು ಕೊಟ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದ ಕಾಲೇಜು ಶುಲ್ಕ ವಾಪಸ್ ಮಾಡಿ ಪರಿಹಾರ ಕೊಡಬೇಕಾಯಿತು. ಆದರೆ 2010ರ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿ ಗ್ರಾಹಕನಲ್ಲ ಎಂದಿತು. ಹೀಗಾಗಿ "ಪಾಠ ಸರಿಯಿಲ್ಲ, ಕೆಲಸ ಸಿಗಲಿಲ್ಲ" ಎಂದು ಗ್ರಾಹಕ ನ್ಯಾಯಾಲಯದಲ್ಲಿ ಗೆಲ್ಲುವುದು ಕಷ್ಟ.

ಶುಲ್ಕ ವಾಪಸಾತಿಗೆ ಯುಜಿಸಿ 2018ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ, ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶೇ. 80, 15ರಿಂದ 30 ದಿನದೊಳಗೆ ಶೇ. 50 ವಾಪಸ್. 30 ದಿನ ದಾಟಿದರೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ದಿನಾಂಕಗಳನ್ನೂ ಪ್ರಕಟಿಸಿದೆ. ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ.

ಸಾಲದ ಹೊಣೆ ಹಂಚಿಕೊಳ್ಳುವ ಯೋಚನೆಯೂ ನಮ್ಮ ಹಣಕಾಸು ನಿಯಮಗಳಿಗೆ ಹೊಸದಲ್ಲ. ಆ್ಯಪ್‌ಗಳ ಮೂಲಕ ಸಿಗುವ ಸಾಲಗಳಲ್ಲಿ, ಗ್ರಾಹಕರನ್ನು ಹುಡುಕಿಕೊಡುವ ಕಂಪನಿಯು ನಷ್ಟದಲ್ಲಿ ಒಂದು ಪಾಲು ಹೊರಲು ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಪಾಲಿಗೆ ಒಟ್ಟು ಸಾಲದ ಶೇ. 5ರ ಮಿತಿ ಹಾಕಿತು. ಮಿತಿ ಇಟ್ಟು ಹೊಣೆ ಹಂಚುವುದು ಸಾಧ್ಯ ಎಂಬುದಕ್ಕೆ ಇದು ಉದಾಹರಣೆ.

ಹಾಗಾದರೆ ಯಾವುದು ಸರಿ?

ಎಲ್ಲವನ್ನೂ ನೋಡಿದ ಮೇಲೆ ನಮಗೆ ಅನಿಸುವುದು ಇಷ್ಟು. ಕಾಲೇಜಿಗೆ ಹೊಣೆ ಇರಬೇಕು, ಆದರೆ ಅದರ ಕೈಯಲ್ಲಿರುವ ವಿಷಯಗಳಿಗೆ ಮಾತ್ರ.

• ಮಾನ್ಯತೆ ಅಥವಾ ಉದ್ಯೋಗದ ಬಗ್ಗೆ ಸುಳ್ಳು ಹೇಳಿ ಸೇರಿಸಿಕೊಂಡರೆ, ಕೋರ್ಸು ಅರ್ಧಕ್ಕೆ ಮುಚ್ಚಿದರೆ, ಸಾಲದ ಪೂರ್ತಿ ಹೊಣೆ ಕಾಲೇಜಿನದ್ದಾಗಬೇಕು.
• ಮೊದಲ ಎರಡು ವರ್ಷದಲ್ಲಿ ಓದು ಬಿಡುವವರ ಪ್ರಮಾಣ ಅಸಹಜವಾಗಿ ಹೆಚ್ಚಿದ್ದರೆ, ಚಿಲಿಯಂತೆ ಒಂದು ಪಾಲು ಹೊರಬೇಕು. ಆ ಪಾಲಿಗೆ ಮಿತಿ ಇರಬೇಕು.
• ಬಡ, ಗ್ರಾಮೀಣ, ಮೊದಲ ತಲೆಮಾರಿನ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಪದವಿ ಮುಗಿಸಿಸುವ ಕಾಲೇಜಿಗೆ ಆ ಲೆಕ್ಕದಲ್ಲಿ ರಿಯಾಯಿತಿ, ಪ್ರೋತ್ಸಾಹ ಸಿಗಬೇಕು. ಇಲ್ಲದಿದ್ದರೆ ಅವರನ್ನು ದೂರವಿಡುವುದೇ ಲಾಭವಾಗುತ್ತದೆ.
• ಪದವಿ ಮುಗಿದ ಮೇಲೆ ದೇಶದಲ್ಲಿ ಕೆಲಸವೇ ಇಲ್ಲದಿದ್ದರೆ ಅದು ಸರ್ಕಾರ ಹೊರಬೇಕಾದ ಹೊಣೆ.

ಇದು ಕಾನೂನಲ್ಲ, ನಮ್ಮ ಅಭಿಪ್ರಾಯ. ಇಂಥ ನಿಯಮ ಭಾರತದಲ್ಲಿ ಬಂದಿದೆ ಎಂದು ಯಾರಾದರೂ ಸಂದೇಶ ಕಳಿಸಿದರೆ ನಂಬಬೇಡಿ.

ಸಹಿ ಹಾಕುವ ಮುನ್ನ ಏನು ಮಾಡಬಹುದು?

1. ಕಾಲೇಜಿನ ಜಾಹೀರಾತಿನಲ್ಲಿರುವ ಅತಿ ಹೆಚ್ಚು ಸಂಬಳ ನೋಡಬೇಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಕಾಲೇಜುಗಳು ಕೊಟ್ಟ ಮಾಹಿತಿ ಅದರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಎಷ್ಟು ಜನ ಸೇರಿದರು, ಎಷ್ಟು ಜನ ಸಮಯಕ್ಕೆ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮಧ್ಯಮ ಸಂಬಳ ಎಷ್ಟು ಎಂಬ ನಾಲ್ಕು ಅಂಕಿ ನೋಡಿ. ಮಧ್ಯಮ ಸಂಬಳವೆಂದರೆ ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ.

2. ಮೇಲಿನ ಲೆಕ್ಕವನ್ನು ನಿಮ್ಮ ಶುಲ್ಕಕ್ಕೆ ಹಾಕಿ ನೋಡಿ. ತಿಂಗಳ ಕಂತು ಆ ಮಧ್ಯಮ ಸಂಬಳದ ಮೂರನೇ ಒಂದು ಭಾಗ ದಾಟುತ್ತಿದ್ದರೆ ಇನ್ನೊಮ್ಮೆ ಯೋಚಿಸಿ.

3. ಕಡಿಮೆ ಬಡ್ಡಿಯ ದಾರಿ ಮೊದಲು ಹುಡುಕಿ. ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವ ಅರ್ಹರಿಗೆ ಅರಿವು ಯೋಜನೆಯಡಿ ಶೇ. 2ರ ದರದಲ್ಲಿ ಸಾಲ ಕೊಡುತ್ತವೆ.

4. ಕೆಲಸ ಸಿಗದಿದ್ದರೆ ಬ್ಯಾಂಕಿನಿಂದ ತಲೆಮರೆಸಿಕೊಳ್ಳಬೇಡಿ. ಮಾದರಿ ಯೋಜನೆಯ 2015ರ ತಿದ್ದುಪಡಿಯಲ್ಲಿ, ನಿರುದ್ಯೋಗದ ಅವಧಿಗೆ ಎರಡು-ಮೂರು ಬಾರಿ ಕಂತಿನ ವಿರಾಮ ಕೊಡಲು ಅವಕಾಶವಿದೆ. ಬಾಕಿಯಾಗುವ ಮೊದಲೇ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಿ.

5. ಕಾಲೇಜಿನ ವಿರುದ್ಧ ದೂರಿದ್ದರೆ ಯುಜಿಸಿಯ 2023ರ ನಿಯಮದಂತೆ ಇರಬೇಕಾದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ, ಅಲ್ಲಿ ಆಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಬರೆಯಿರಿ. ಬ್ಯಾಂಕಿನ ವಿರುದ್ಧ ದೂರಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448.

6. "ಸಾಲ ಮನ್ನಾಕ್ಕೆ ನೋಂದಣಿ ಶುಲ್ಕ ಕಟ್ಟಿ" ಎನ್ನುವ ಲಿಂಕ್ ಒತ್ತಬೇಡಿ. ಆಧಾರ್, ಒಟಿಪಿ ಯಾರಿಗೂ ಕೊಡಬೇಡಿ.

ತೀರ್ಮಾನ

"ಕೆಲಸ ಸಿಗದಿದ್ದರೆ ಶಿಕ್ಷಣ ಸಾಲವನ್ನು ಕಾಲೇಜೇ ಕಟ್ಟಬೇಕು" ಎಂಬ ನಿಯಮ ಭಾರತದಲ್ಲಿ ಇಲ್ಲ. ಅಮೆರಿಕದಲ್ಲೂ ಇಲ್ಲ. ಅದನ್ನು ನಂಬಿ ಕಂತು ನಿಲ್ಲಿಸಿದರೆ ನಷ್ಟ ನಿಮ್ಮದು ಮತ್ತು ನಿಮಗಾಗಿ ಸಹಿ ಹಾಕಿದ ಅಪ್ಪ-ಅಮ್ಮನದು. ಆದರೆ ಕಾಲೇಜಿಗೂ ಹೊಣೆ ಇರಬೇಕೆಂಬ ಬೇಡಿಕೆ ತಪ್ಪಲ್ಲ. ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬ ನಿಜವಾದ ಲೆಕ್ಕವನ್ನು ಪ್ರವೇಶದ ದಿನವೇ ಕೇಳುವುದು ಆ ಬೇಡಿಕೆಯ ಮೊದಲ ಹೆಜ್ಜೆ. ಅದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಈ ಸಲ ಮನೆಯಲ್ಲಿ ಯಾರಾದರೂ ಕಾಲೇಜು ಸೇರುತ್ತಿದ್ದರೆ, ಮನ್ನಾದ ಲಿಂಕ್ ಬದಲು ಈ ಪ್ರಶ್ನೆಗಳನ್ನು ಅವರಿಗೆ ಫಾರ್ವರ್ಡ್ ಮಾಡಿ.